ಕ್ಷಯದ ಕಲ್ಚರ್‌ಗೆ ಕಫ ಹದಗೊಳಿಸುವುದು ಹೇಗೆ: ಪ್ರಯೋಗಾಲಯ ಡಿಕಂಟಾಮಿನೇಷನ್‌ನ ಸಮಗ್ರ ಮಾರ್ಗದರ್ಶಿ

ಕ್ಷಯದ ಬ್ಯಾಕ್ಟೀರಿಯಾ ಒಂದು ಎರಡಾಗಲು ಹೆಚ್ಚುಕಮ್ಮಿ 18ರಿಂದ 24 ಗಂಟೆ ಬೇಕು. ಅದೇ ಕಫದಲ್ಲಿ ಬಾಯಿ, ಗಂಟಲಿನಿಂದ ಸೇರಿಕೊಂಡ ಮಾಮೂಲಿ ಬ್ಯಾಕ್ಟೀರಿಯಾಗಳಿಗೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ಕಫವನ್ನು ತಂದ ಹಾಗೆಯೇ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ, ಟ್ಯೂಬಿಗೆ ಹಾಕಿದರೆ ಒಂದೆರಡು ದಿನದಲ್ಲಿ ಟ್ಯೂಬ್ ತುಂಬ ಬೇರೆಯವೇ ಬೆಳೆದು, ಮೀಡಿಯಾ, ಅಂದರೆ ಬೆಳೆಸುವ ಆಹಾರದಲ್ಲಿದ್ದ ಪೋಷಕಾಂಶವನ್ನೆಲ್ಲ ತಿಂದು ಮುಗಿಸಿರುತ್ತವೆ. ಕ್ಷಯದ ಬ್ಯಾಕ್ಟೀರಿಯಾ ಅಲ್ಲಿದ್ದರೂ ಅದು ಕಣ್ಣಿಗೆ ಬೀಳುವ ಮಾತೇ ಇಲ್ಲ. ಆದ್ದರಿಂದ ಕಲ್ಚರ್‌ಗೆ ಹಾಕುವ ಮೊದಲು ಕಫದಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಂದು, ಲೋಳೆಯನ್ನು ಕರಗಿಸಿ, ಉಳಿದದ್ದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳಕ್ಕೆ ಕೂರಿಸಬೇಕು. ಪ್ರಯೋಗಾಲಯದಲ್ಲಿ ಡಿಕಂಟಾಮಿನೇಷನ್ ಎನ್ನುವುದು ಈ ಕೆಲಸಕ್ಕೆ.

ಇದು ಸಾಧ್ಯವಾಗುವುದು ಕ್ಷಯದ ಬ್ಯಾಕ್ಟೀರಿಯಾದ ಕೋಶಗೋಡೆಯಿಂದ. ಮೈಕೋಲಿಕ್ ಆಮ್ಲದಂಥ ಕೊಬ್ಬಿನ ಅಂಶ ಅದರಲ್ಲಿ ದಟ್ಟವಾಗಿರುವುದರಿಂದ ಕ್ಷಾರವಾಗಲಿ ಆಮ್ಲವಾಗಲಿ ಬೇಗನೆ ಒಳಗೆ ಇಳಿಯುವುದಿಲ್ಲ. ಅಮೆರಿಕದ ಸ್ಯಾರನಾಕ್ ಲೇಕ್‌ನ ಕ್ಷಯ ಆಸ್ಪತ್ರೆಯಲ್ಲಿದ್ದ ಪೆಟ್ರಾಫ್ 1915ರಲ್ಲಿ ಸೋಡಿಯಂ ಹೈಡ್ರಾಕ್ಸೈಡ್ (ಮುಂದೆ ಇದನ್ನು ಬರೀ ಸೋಡಾ ಎನ್ನುತ್ತೇನೆ) ಬಳಸಿ ಈ ಕೆಲಸ ಮಾಡುವ ವಿಧಾನ ಪ್ರಕಟಿಸಿದರು. ಇಂದು ನಾವು ಮಾಡುತ್ತಿರುವುದೂ ಮೂಲತಃ ಅದನ್ನೇ.

ಆದರೆ ಬೇಗನೆ ಇಳಿಯುವುದಿಲ್ಲ ಅಂದಮಾತ್ರಕ್ಕೆ ಇಳಿಯುವುದೇ ಇಲ್ಲ ಎಂದಲ್ಲ. ಸರಿಯಾದ ಸಾಂದ್ರತೆ, ಸರಿಯಾದ ಸಮಯ ಪಾಲಿಸಿದರೂ ಕಫದಲ್ಲಿದ್ದ ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸಾಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಐದು ನಿಮಿಷ ಹೆಚ್ಚು ಬಿಟ್ಟರೆ, ಸೋಡಾ ಸ್ವಲ್ಪ ಗಟ್ಟಿಯಾದರೆ ಇನ್ನೂ ಹೆಚ್ಚು ಸಾಯುತ್ತವೆ. ಹೆಚ್ಚು ಬ್ಯಾಕ್ಟೀರಿಯಾ ಇರುವ ರೋಗಿಯ ಕಫದಲ್ಲಿ ಈ ನಷ್ಟ ಗೊತ್ತಾಗುವುದಿಲ್ಲ. ಸ್ಮಿಯರ್ (ಕಫವನ್ನು ಗಾಜಿನ ಮೇಲೆ ಸವರಿ ಮೈಕ್ರೊಸ್ಕೋಪ್‌ನಲ್ಲಿ ನೋಡುವ ಪರೀಕ್ಷೆ) ನೆಗೆಟಿವ್ ಆದ ರೋಗಿ, ಎಚ್‌ಐವಿ ಇರುವವರು, ಸಣ್ಣ ಮಗು, ಇವರ ಸ್ಯಾಂಪಲ್‌ನಲ್ಲಿ ಇರುವುದೇ ಬೆರಳೆಣಿಕೆಯಷ್ಟು. ಸ್ಮಿಯರ್‌ನಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ರಿಂದ 10,000 ಬ್ಯಾಕ್ಟೀರಿಯಾ ಬೇಕು. ಕಲ್ಚರ್‌ಗೆ 10ರಿಂದ 100 ಇದ್ದರೂ ಸಾಕು. ಆ 10 ಅನ್ನೇ ನಾವು ಕೈಯಾರೆ ಕೊಂದರೆ ರಿಪೋರ್ಟ್ ನೆಗೆಟಿವ್ ಬರುತ್ತದೆ, ರೋಗಿ ಹಾಗೇ ಮನೆಗೆ ಹೋಗುತ್ತಾರೆ. ಮುಂದೆ ಹೇಳುವ ನಿಮಿಷ, ಗ್ರಾಂ, ಮಿಲಿಲೀಟರ್‌ಗಳ ಲೆಕ್ಕವನ್ನು ನಾನು ಇಷ್ಟು ಒತ್ತಿ ಹೇಳುವುದು ಈ ಕಾರಣಕ್ಕೆ.

ಜೀನ್‌ಎಕ್ಸ್‌ಪರ್ಟ್, ಟ್ರೂನ್ಯಾಟ್ ಬಂದ ಮೇಲೆ ಕಲ್ಚರ್ ಯಾಕೆ ಎಂದು ಡಿಎಂಎಲ್‌ಟಿ (ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ) ವಿದ್ಯಾರ್ಥಿಗಳು ಕೇಳುತ್ತಾರೆ. ಆ ಯಂತ್ರಗಳು ಗಂಟೆಗಳಲ್ಲಿ ಉತ್ತರ ಕೊಡುತ್ತವೆ, ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಬ್ಯಾಕ್ಟೀರಿಯಾ ಜಗ್ಗುತ್ತದೋ ಇಲ್ಲವೋ ಅದನ್ನೂ ಹೇಳುತ್ತವೆ. ಆದರೆ ಅವು ಗುರುತಿಸುವುದು ಡಿಎನ್‌ಎಯನ್ನು. ಸತ್ತ ಬ್ಯಾಕ್ಟೀರಿಯಾದ್ದೂ ಅದೇ ಡಿಎನ್‌ಎ. ಚಿಕಿತ್ಸೆ ನಡೆಯುತ್ತಿರುವ ರೋಗಿಯಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಉಳಿದಿದೆಯೇ, ಬೆಡಾಕ್ವಿಲಿನ್, ಲಿನೆಜೊಲಿಡ್‌ನಂಥ ಔಷಧಗಳಿಗೆ ಅದು ಮಣಿಯುತ್ತದೆಯೇ ಎಂದು ತಿಳಿಯಲು ಅದನ್ನು ಬೆಳೆಸಿಯೇ ನೋಡಬೇಕು.

ಯಾವ ಸ್ಯಾಂಪಲ್‌ಗೆ ಬೇಕು, ಯಾವುದಕ್ಕೆ ಬೇಡ

ಕಫ, ಬ್ರಾಂಕೋಸ್ಕೋಪಿಯಲ್ಲಿ ತೆಗೆದ ದ್ರವ, ಹೊಟ್ಟೆಯಿಂದ ತೆಗೆದ ಗ್ಯಾಸ್ಟ್ರಿಕ್ ದ್ರವ, ಮೂತ್ರ, ಬಾಯಿ ಬಿಟ್ಟ ಗಂಟಿನ ಕೀವು, ಇವಕ್ಕೆಲ್ಲ ಡಿಕಂಟಾಮಿನೇಷನ್ ಬೇಕೇ ಬೇಕು. ಮಿದುಳುಬಳ್ಳಿಯ ದ್ರವ, ಸ್ಟೆರೈಲ್ ಆಗಿ ತೆಗೆದ ಪ್ಲೂರಲ್ ದ್ರವ, ಕೀಲಿನ ದ್ರವ, ಆಪರೇಷನ್ ಥಿಯೇಟರ್‌ನಲ್ಲಿ ತೆಗೆದ ಬಯಾಪ್ಸಿ, ಇವಕ್ಕೆ ಬೇಡ. ಮಿದುಳುಪೊರೆಯ ಕ್ಷಯದಲ್ಲಿ ದ್ರವವೇ ಒಂದೆರಡು ಮಿಲಿಲೀಟರ್ ಸಿಕ್ಕಿರುತ್ತದೆ, ಬ್ಯಾಕ್ಟೀರಿಯಾ ಅತಿ ಕಡಿಮೆ. ಅದಕ್ಕೆ ಸೋಡಾ ಹಾಕುವುದು ಅನ್ಯಾಯ. ಅದನ್ನು ಸೆಂಟ್ರಿಫ್ಯೂಜ್ ಮಾಡಿ ನೇರವಾಗಿ ಕಲ್ಚರ್‌ಗೆ ಹಾಕಿ. ಸಂಗ್ರಹಿಸುವಾಗ ಸ್ಟೆರೈಲ್ ಆಗಿತ್ತೋ ಇಲ್ಲವೋ ಎಂಬ ಅನುಮಾನವಿದ್ದರೆ ಮೊದಲು ಒಂದು ಹನಿಯನ್ನು ಮಾಮೂಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುವ ಬ್ಲಡ್ ಅಗರ್ ಮೀಡಿಯಾಕ್ಕೆ ಹಾಕಿ, ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು, ಮಾರನೇ ದಿನ ನೋಡಿ ತೀರ್ಮಾನಿಸಿ.

ಮಕ್ಕಳ ಗ್ಯಾಸ್ಟ್ರಿಕ್ ದ್ರವಕ್ಕೆ ಇನ್ನೊಂದು ಎಚ್ಚರ ಬೇಕು. ಹೊಟ್ಟೆಯ ಆಮ್ಲವೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ನಾಲ್ಕು ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಲಾಗದಿದ್ದರೆ ವಾರ್ಡಿನಲ್ಲೇ ಸೋಡಿಯಂ ಬೈಕಾರ್ಬೊನೇಟ್ ಹಾಕಿ ಆಮ್ಲವನ್ನು ತಟಸ್ಥಗೊಳಿಸಬೇಕು. ಇದನ್ನು ವಾರ್ಡಿನ ಸಿಸ್ಟರ್‌ಗಳಿಗೆ ಹೇಳಿಕೊಡುವ ಜವಾಬ್ದಾರಿ ಪ್ರಯೋಗಾಲಯದ್ದೇ ಎಂದು ನಾನು ತಿಳಿದಿದ್ದೇನೆ.

ಶುರು ಮಾಡುವ ಮೊದಲು: ಕಫ ಬರುವ ದಾರಿ

ಕಂಟಾಮಿನೇಷನ್, ಅಂದರೆ ಬೇರೆ ಬ್ಯಾಕ್ಟೀರಿಯಾ ಬೆಳೆದು ಟ್ಯೂಬ್ ಕೆಡುವುದು, ಹೆಚ್ಚಾಯಿತು ಎಂದಾಗ ಎಲ್ಲರೂ ಮೊದಲು ಸೋಡಾ ಬಾಟಲಿಯ ಕಡೆ ನೋಡುತ್ತಾರೆ. ನೋಡಬೇಕಾದ್ದು ಕಫದ ಡಬ್ಬಿ ಬಂದ ದಾರಿಯನ್ನು. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಲ್ಲಿ ಕೋಲ್ಡ್ ಬಾಕ್ಸ್ ಇಲ್ಲದೆ ಎರಡು ದಿನ ಪ್ರಯಾಣ ಮಾಡಿದ ಕಫದಲ್ಲಿ ಬೇರೆ ಬ್ಯಾಕ್ಟೀರಿಯಾ ಎಷ್ಟು ಬೆಳೆದಿರುತ್ತದೆಂದರೆ, ಯಾವ ಸೋಡಾವೂ ಅದನ್ನು ಪೂರ್ತಿ ತೊಳೆಯಲಾರದು.

ರೋಗಿಗೆ ಹೇಳಬೇಕಾದ್ದು ಸರಳ: ಬೆಳಿಗ್ಗೆ ಎದ್ದು, ಏನೂ ತಿನ್ನುವ ಮೊದಲು, ಕಾಯಿಸಿ ಆರಿಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದುಕೊಂಡು ಎದೆಯೊಳಗಿನಿಂದ ಕೆಮ್ಮಿ ಉಗುಳಬೇಕು. ನಲ್ಲಿ ನೀರು ಬೇಡ ಎನ್ನುವುದಕ್ಕೆ ಕಾರಣವಿದೆ. ಕ್ಷಯದ ಬ್ಯಾಕ್ಟೀರಿಯಾದ ಜಾತಿಯವೇ ಆದರೂ ಕ್ಷಯ ತರದ ಮೈಕೋಬ್ಯಾಕ್ಟೀರಿಯಾಗಳು ನಲ್ಲಿ ನೀರಿನಲ್ಲಿ ಇರುತ್ತವೆ. ಅವಕ್ಕೂ ಅದೇ ಕೋಶಗೋಡೆ, ಅವೂ ಸೋಡಾದಿಂದ ಪಾರಾಗಿ ಬೆಳೆದು ದಾರಿ ತಪ್ಪಿಸುತ್ತವೆ. ಪ್ರಮಾಣ 3ರಿಂದ 5 ಮಿಲಿಲೀಟರ್ ಇರಲಿ. ಬರೀ ಎಂಜಲಾದರೆ ಇನ್ನೊಂದು ಸಲ ಕೇಳಿ. ಡಬ್ಬಿ 2ರಿಂದ 8 ಡಿಗ್ರಿಯಲ್ಲಿ, ಆದಷ್ಟು ಮೂರು ದಿನದೊಳಗೆ ಬರಬೇಕು. ಬಂದ ದಿನವೇ ಆಗದಿದ್ದರೆ ಫ್ರಿಜ್‌ನಲ್ಲಿಡಿ, ಮೇಜಿನ ಮೇಲೆ ಬಿಡಬೇಡಿ.

ದ್ರಾವಣಗಳ ತಯಾರಿ

ಇಂದು ಹೆಚ್ಚು ಬಳಕೆಯಲ್ಲಿರುವುದು ಎನ್-ಅಸಿಟೈಲ್-ಎಲ್-ಸಿಸ್ಟೀನ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಜೊತೆಗೂಡಿದ ವಿಧಾನ. ಕುಬಿಕಾ ಮತ್ತು ಸಂಗಡಿಗರು 1963ರಲ್ಲಿ ಇದನ್ನು ಮುಂದಿಟ್ಟರು. ಎನ್-ಅಸಿಟೈಲ್-ಎಲ್-ಸಿಸ್ಟೀನ್ ಪ್ರಯೋಗಾಲಯದವರ ಬಾಯಲ್ಲಿ ನ್ಯಾಲ್ಕ್. ಎದೆಯ ಕಫ ಕರಗಿಸಲು ವೈದ್ಯರು ಬರೆದುಕೊಡುವ ಅಸಿಟೈಲ್‌ಸಿಸ್ಟೀನ್ ಇದೇ. ಲೋಳೆಯ ಗಟ್ಟಿ ಬಂಧಗಳನ್ನು ನ್ಯಾಲ್ಕ್ ಬಿಡಿಸುವುದರಿಂದ ಸೋಡಾವನ್ನು ಕಡಿಮೆ ಸಾಂದ್ರತೆಯಲ್ಲಿ ಬಳಸಬಹುದು. ಸೋಡಿಯಂ ಸಿಟ್ರೇಟ್ ಕಫದಲ್ಲಿರುವ ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಂಡು ನ್ಯಾಲ್ಕ್ ನಿಷ್ಕ್ರಿಯವಾಗದಂತೆ ನೋಡಿಕೊಳ್ಳುತ್ತದೆ.

ಸೋಡಿಯಂ ಹೈಡ್ರಾಕ್ಸೈಡ್ ಶೇ 4: ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 40 ಗ್ರಾಂ. ಹರಳನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ಜೋರಾಗಿ ಬಿಸಿಯಾಗಿ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕನ್ನಡಕ, ಕೈಗವಸು ಇರಲಿ. ಹರಳು ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಮುಚ್ಚಳ ತೆರೆದಿಟ್ಟ ಡಬ್ಬದಿಂದ ತೂಗಿದ 40 ಗ್ರಾಂ ನಿಜವಾಗಿ 40 ಗ್ರಾಂ ಅಲ್ಲ.

ಸೋಡಿಯಂ ಸಿಟ್ರೇಟ್ ಶೇ 2.9: ಒಂದು ಲೀಟರಿಗೆ 29 ಗ್ರಾಂ.

ಇವೆರಡನ್ನೂ ಬೇರೆಬೇರೆಯಾಗಿ ಆಟೊಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಸ್ಟೆರೈಲ್ ಮಾಡಿ), ಸಮಪ್ರಮಾಣದಲ್ಲಿ ಬೆರೆಸಿದರೆ ಸೋಡಾ ಶೇ 2ಕ್ಕೆ ಇಳಿಯುತ್ತದೆ. ಕಫಕ್ಕೆ ಸಮಪ್ರಮಾಣದಲ್ಲಿ ಹಾಕಿದಾಗ ಅಂತಿಮವಾಗಿ ಶೇ 1. ಎಂಜಿಐಟಿ, ಅಂದರೆ ಬೆಳವಣಿಗೆಯನ್ನು ಯಂತ್ರವೇ ಗುರುತಿಸುವ ದ್ರವ ಕಲ್ಚರ್, ಮಾಡುವ ಅನೇಕ ಕಡೆ, ಅದರಲ್ಲೂ ಸೆಕೆ ಹೆಚ್ಚಿರುವಲ್ಲಿ, ಶೇ 6ರಿಂದ ಆರಂಭಿಸಿ ಅಂತಿಮ ಸಾಂದ್ರತೆ ಶೇ 1.5 ಬರುವಂತೆ ಮಾಡುತ್ತಾರೆ. ನಿಮ್ಮಲ್ಲಿ ಯಾವುದು ಎಂಬುದನ್ನು ಎಸ್‌ಒಪಿಯಲ್ಲಿ (ಪ್ರಯೋಗಾಲಯದ ಲಿಖಿತ ಕಾರ್ಯವಿಧಾನದಲ್ಲಿ) ಬರೆದಿಡಿ. ಹೊಸ ಬಾಟಲಿ ತಯಾರಿಸಿದ ಪ್ರತಿ ಸಲ ಲೇಬಲ್ ಮೇಲೆ ಸಾಂದ್ರತೆ, ತಾರೀಕು, ತಯಾರಿಸಿದವರ ಸಹಿ ಇರಲಿ.

ನ್ಯಾಲ್ಕ್ ಪುಡಿಯನ್ನು 100 ಮಿಲಿಲೀಟರ್ ಮಿಶ್ರಣಕ್ಕೆ 0.5 ಗ್ರಾಂ ಲೆಕ್ಕದಲ್ಲಿ, ಕೆಲಸಕ್ಕೆ ಕೂರುವ ಮುಂಚೆಯಷ್ಟೇ ಹಾಕಿ. 24 ಗಂಟೆ ಕಳೆದರೆ ಅದರ ಶಕ್ತಿ ಹೋಗುತ್ತದೆ. ನಿನ್ನೆ ಉಳಿದದ್ದನ್ನು ಇಂದು ಬಳಸುವ ಅಭ್ಯಾಸ ಎಲ್ಲಾದರೂ ಇದ್ದರೆ ಇವತ್ತೇ ನಿಲ್ಲಿಸಿ.

ಫಾಸ್ಫೇಟ್ ಬಫರ್, ಪಿಎಚ್ 6.8: ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಲೀಟರಿಗೆ 9.47 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಲೀಟರಿಗೆ 9.07 ಗ್ರಾಂ. ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ, ಪಿಎಚ್ ಮೀಟರ್‌ನಲ್ಲಿ ನೋಡಿ, ಆಟೊಕ್ಲೇವ್ ಮಾಡಿ. ದೊಡ್ಡ ಬಾಟಲಿಯಿಂದ ನೇರವಾಗಿ ಸುರಿಯಬೇಡಿ. ಒಂದು ಸ್ಯಾಂಪಲ್‌ಗೆ ಒಂದು ಟ್ಯೂಬ್ ಎಂಬಂತೆ ಮೊದಲೇ ಹಂಚಿಟ್ಟುಕೊಳ್ಳಿ. ಇದು ದುಂದಲ್ಲ. ಕೆಲಸದ ನಡುವೆ ಒಂದೇ ಬಾಟಲಿ ಹತ್ತು ಟ್ಯೂಬಿನ ಬಾಯಿಗೆ ತಗುಲಿದರೆ ಒಬ್ಬರ ಬ್ಯಾಕ್ಟೀರಿಯಾ ಹತ್ತು ಜನರ ರಿಪೋರ್ಟಿಗೆ ಹೋಗುತ್ತದೆ.

ನ್ಯಾಲ್ಕ್ ವಿಧಾನ, ಹಂತ ಹಂತವಾಗಿ

ಇದೆಲ್ಲ ನಡೆಯಬೇಕಾದ್ದು ಕ್ಷಯದ ಕಲ್ಚರ್‌ಗೆಂದೇ ಸಿದ್ಧಪಡಿಸಿದ, ಗಾಳಿ ಹೊರಗಿನಿಂದ ಒಳಕ್ಕಷ್ಟೇ ಹರಿಯುವ ಕೋಣೆಯಲ್ಲಿ, ಸರ್ಟಿಫೈ ಆದ ಕ್ಲಾಸ್ 2 ಬಯೋಸೇಫ್ಟಿ ಕ್ಯಾಬಿನೆಟ್ ಒಳಗೆ. ಎನ್95 ಮಾಸ್ಕ್, ಹಿಂದೆ ಕಟ್ಟುವ ಗೌನ್, ಎರಡು ಜೊತೆ ಕೈಗವಸು ಬೇಕು. ಈ ವ್ಯವಸ್ಥೆ ಇಲ್ಲದ ಪ್ರಯೋಗಾಲಯ ಕಲ್ಚರ್‌ಗೆ ಕೈ ಹಾಕಬಾರದು, ಸ್ಯಾಂಪಲ್ ಅನ್ನು ಇರುವಲ್ಲಿಗೆ ಕಳಿಸಬೇಕು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಂಥ ರೆಫರೆನ್ಸ್ ಪ್ರಯೋಗಾಲಯಗಳು ಇರುವುದು, ತರಬೇತಿ ಮತ್ತು ಗುಣಮಟ್ಟದ ತಪಾಸಣೆ ಕೊಡುವುದು ಇದಕ್ಕಾಗಿಯೇ.

1. ಕ್ಯಾಬಿನೆಟ್ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ಬಿಡಿ. ಒಳಗಿನ ಮೇಜಿನ ಮೇಲೆ ಫಿನಾಲ್‌ನಲ್ಲಿ ನೆನೆಸಿದ ಬಟ್ಟೆ ಅಥವಾ ಪೇಪರ್ ಹಾಸಿ.

2. 50 ಮಿಲಿಲೀಟರ್‌ನ ಫಾಲ್ಕನ್ ಟ್ಯೂಬ್‌ಗಳಿಗೆ ನಂಬರ್ ಬರೆಯಿರಿ. ನಂಬರ್ ಮುಚ್ಚಳದ ಮೇಲಲ್ಲ, ಟ್ಯೂಬಿನ ಮೈಮೇಲೆ. ಮುಚ್ಚಳ ಅದಲುಬದಲಾಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಕಫವನ್ನು ಟ್ಯೂಬಿಗೆ ಸುರಿಯಿರಿ. 10 ಮಿಲಿಲೀಟರ್ ಮೀರಬಾರದು.

3. ಮೊದಲ ಟ್ಯೂಬಿನ ಮುಚ್ಚಳ ತೆಗೆದು, ಕಫ ಎಷ್ಟಿದೆಯೋ ಅಷ್ಟೇ ನ್ಯಾಲ್ಕ್-ಸೋಡಾ ಮಿಶ್ರಣ ಹಾಕಿ, ಮುಚ್ಚಳ ಬಿಗಿದು, ಆಮೇಲೆ ಎರಡನೆಯದನ್ನು ತೆರೆಯಿರಿ. ಎರಡು ಟ್ಯೂಬ್ ಒಂದೇ ಹೊತ್ತಿಗೆ ತೆರೆದಿರಬಾರದು.

4. ಟ್ಯೂಬನ್ನು ಜೋರಾಗಿ ಕುಲುಕುವ ವೋರ್ಟೆಕ್ಸ್ ಯಂತ್ರದ ಮೇಲೆ 15ರಿಂದ 20 ಸೆಕೆಂಡ್ ಹಿಡಿಯಿರಿ. ನಂತರ ಟ್ಯೂಬನ್ನು ತಲೆಕೆಳಗು ಮಾಡಿ ಮುಚ್ಚಳದ ಒಳಭಾಗ, ಗೋಡೆಗಳಿಗೆಲ್ಲ ದ್ರಾವಣ ತಾಗಿಸಿ. ಮುಚ್ಚಳದ ಸುತ್ತಿನಲ್ಲಿ ಉಳಿದ ಒಂದು ಹನಿ ಕಫಕ್ಕೆ ಸೋಡಾ ತಾಗದಿದ್ದರೆ ಆಮೇಲೆ ಅದೇ ಹನಿ ಇಡೀ ಟ್ಯೂಬನ್ನು ಕೆಡಿಸುತ್ತದೆ.

5. ಟೈಮರ್ ಹಾಕಿ 15 ನಿಮಿಷ ಬಿಡಿ, ನಡುನಡುವೆ ಮೆಲ್ಲಗೆ ಅಲ್ಲಾಡಿಸಿ. 20 ನಿಮಿಷ ದಾಟಲೇಬಾರದು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಹೆಚ್ಚಿನ ನಷ್ಟ ಆಗುವುದು ಈ ಹಂತದಲ್ಲಿ. ಇಪ್ಪತ್ತು ಟ್ಯೂಬಿನ ಬ್ಯಾಚ್ ಹಿಡಿದುಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಕೊನೆಯ ಟ್ಯೂಬಿಗೆ ಸೋಡಾ ಹಾಕುವ ಹೊತ್ತಿಗೆ ಮೊದಲ ಟ್ಯೂಬಿಗೆ ಹದಿನೈದು ನಿಮಿಷ ಆಗಿಹೋಗಿರುತ್ತದೆ. ಟೈಮರ್ ಕೊನೆಯ ಟ್ಯೂಬಿನಿಂದ ಶುರುವಾದರೆ ಮೊದಲ ರೋಗಿಯ ಸ್ಯಾಂಪಲ್ ಅರ್ಧ ಗಂಟೆ ಸೋಡಾದಲ್ಲಿ ಬೆಂದಿರುತ್ತದೆ. ಪರಿಹಾರ ಎರಡು: ಬ್ಯಾಚ್ ಚಿಕ್ಕದಿರಲಿ, ನಿಮ್ಮ ಸೆಂಟ್ರಿಫ್ಯೂಜ್ ಹಿಡಿಯುವಷ್ಟು ಮಾತ್ರ. ಮತ್ತೆ ಬಫರ್ ಹಾಕುವಾಗ ಸೋಡಾ ಹಾಕಿದ ಅದೇ ಕ್ರಮದಲ್ಲಿ, ಅದೇ ವೇಗದಲ್ಲಿ ಹಾಕಿ. ಕಫ ಇನ್ನೂ ಗಟ್ಟಿಯಾಗಿಯೇ ಉಳಿದಿದ್ದರೆ ಚಿಟಿಕೆ ನ್ಯಾಲ್ಕ್ ಪುಡಿ ಸೇರಿಸಿ ಅಲ್ಲಾಡಿಸಿ. ಸೋಡಾವನ್ನಾಗಲಿ ಸಮಯವನ್ನಾಗಲಿ ಹೆಚ್ಚಿಸಬೇಡಿ.

6. 15 ನಿಮಿಷ ಆದ ಕೂಡಲೇ 45 ಮಿಲಿಲೀಟರ್ ಗುರುತಿನವರೆಗೆ ಬಫರ್ ತುಂಬಿ, ಮುಚ್ಚಿ, ಮೇಲೆ ಕೆಳಗೆ ಮಾಡಿ ಬೆರೆಸಿ. ಬಫರ್ ಸೋಡಾವನ್ನು ತೆಳುಮಾಡಿ ಅದರ ಹೊಡೆತ ತಗ್ಗಿಸುತ್ತದೆ, ದ್ರವವನ್ನೂ ತೆಳ್ಳಗೆ ಮಾಡುವುದರಿಂದ ಬ್ಯಾಕ್ಟೀರಿಯಾ ತಳಕ್ಕಿಳಿಯಲು ಅನುಕೂಲ. ಕಡಿಮೆ ಬಫರ್ ಹಾಕಿದರೆ ಪಿಎಚ್ ಮೇಲೆಯೇ ಉಳಿದು ಎಂಜಿಐಟಿಯಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ.

7. 3,000 ಜಿ ವೇಗದಲ್ಲಿ 15ರಿಂದ 20 ನಿಮಿಷ ಸೆಂಟ್ರಿಫ್ಯೂಜ್. ಜಿ ಎಂದರೆ ಗುರುತ್ವಬಲದ ಎಷ್ಟು ಪಟ್ಟು ಸೆಳೆತ ಎಂಬ ಲೆಕ್ಕ. ಇದು 3,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಲ್ಲ, ಗಮನಿಸಿ. ರೋಟರ್‌ನ ತ್ರಿಜ್ಯವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಅದನ್ನು ಆರ್‌ಪಿಎಂನ ವರ್ಗದಿಂದ ಗುಣಿಸಿ, 0.00001118ರಿಂದ ಗುಣಿಸಿದರೆ ಜಿ ಸಿಗುತ್ತದೆ. ತ್ರಿಜ್ಯ 17 ಸೆಂಟಿಮೀಟರ್ ಇದ್ದರೆ 3,000 ಆರ್‌ಪಿಎಂಗೆ ಸಿಗುವುದು ಸುಮಾರು 1,710 ಜಿ ಮಾತ್ರ, 3,000 ಜಿ ಬೇಕಾದರೆ 4,000 ಆರ್‌ಪಿಎಂ ಬೇಕು. ವೇಗ ಸಾಲದಿದ್ದರೆ ಬ್ಯಾಕ್ಟೀರಿಯಾ ಮೇಲಿನ ದ್ರವದಲ್ಲೇ ಉಳಿದು ಚೆಲ್ಲಿಹೋಗುತ್ತದೆ. ತಂಪು ಸೆಂಟ್ರಿಫ್ಯೂಜ್ ಇದ್ದರೆ ಒಳ್ಳೆಯದು, ಬಿಸಿಯಾದಷ್ಟೂ ಉಳಿದ ಸೋಡಾದ ಹೊಡೆತ ಹೆಚ್ಚು. ಬಕೆಟ್‌ಗಳಿಗೆ ಮುಚ್ಚಳ ಕಡ್ಡಾಯ, ಅವನ್ನು ತೆರೆಯುವುದು ಕ್ಯಾಬಿನೆಟ್ ಒಳಗೆ, ನಿಂತು ಹತ್ತು ನಿಮಿಷವಾದ ಮೇಲೆ.

8. ಮೇಲಿನ ದ್ರವವನ್ನು ಫಿನಾಲ್ ಇರುವ, ಕೊಳವೆಯುಳ್ಳ ಡಬ್ಬಕ್ಕೆ ಒಂದೇ ಓಟದಲ್ಲಿ, ಸಿಡಿಯದಂತೆ ಸುರಿಯಿರಿ. ಟ್ಯೂಬಿನ ಬಾಯಿ ಡಬ್ಬಕ್ಕೆ ತಾಗಬಾರದು. ಬಾಯಿಯನ್ನು ಫಿನಾಲ್ ಅದ್ದಿದ ಗಾಜ್ ಬಟ್ಟೆಯಿಂದ ಒರೆಸಿ, ಪ್ರತಿ ಟ್ಯೂಬಿಗೂ ಹೊಸ ಗಾಜ್.

9. ತಳದ ಪೆಲೆಟ್‌ಗೆ, ಅಂದರೆ ಕೆಳಗೆ ಕೂತ ಗಸಿಗೆ, 1ರಿಂದ 2 ಮಿಲಿಲೀಟರ್ ಬಫರ್ ಹಾಕಿ ಕದಡಿ. ಇದರಿಂದಲೇ ಸ್ಮಿಯರ್, ಇದರಿಂದಲೇ ಕಲ್ಚರ್. ಎಂಜಿಐಟಿ ಟ್ಯೂಬಿಗೆ ಮೊದಲು 0.8 ಮಿಲಿಲೀಟರ್ ಪಾಂಟಾ, ಆಮೇಲೆ 0.5 ಮಿಲಿಲೀಟರ್ ಸ್ಯಾಂಪಲ್. ಎಲ್‌ಜೆ (ಲೋವೆನ್‌ಸ್ಟೈನ್-ಜೆನ್ಸನ್) ಎಂಬ ಗಟ್ಟಿ ಮೀಡಿಯಾದ ಇಳಿಜಾರಿಗೆ ಎರಡು ಮೂರು ಹನಿ. ಉಳಿದದ್ದನ್ನು ಫ್ರಿಜ್‌ನಲ್ಲಿಡಿ, ಕಂಟಾಮಿನೇಷನ್ ಆದರೆ ಅದೇ ಕೈಹಿಡಿಯುವುದು.

ಪಾಂಟಾ ಎಂದರೆ ಪಾಲಿಮಿಕ್ಸಿನ್ ಬಿ, ಆಂಫೊಟೆರಿಸಿನ್ ಬಿ, ನ್ಯಾಲಿಡಿಕ್ಸಿಕ್ ಆಮ್ಲ, ಟ್ರೈಮೆಥೊಪ್ರಿಮ್, ಅಜ್ಲೊಸಿಲಿನ್ ಸೇರಿದ ಮಿಶ್ರಣ. ಸೋಡಾದಿಂದ ಪಾರಾದ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಇದು ತಡೆಹಿಡಿಯುತ್ತದೆ. ದ್ರವ ಮೀಡಿಯಾದಲ್ಲಿ ಎಲ್ಲವೂ ಬೇಗ ಬೆಳೆಯುವುದರಿಂದ ಇದಿಲ್ಲದೆ ಕೆಲಸ ನಡೆಯದು.

ಪೆಟ್ರಾಫ್ ವಿಧಾನ

ಎಲ್‌ಜೆ ಮೀಡಿಯಾ ಮಾತ್ರ ಬಳಸುವ ಪ್ರಯೋಗಾಲಯಗಳಲ್ಲಿ ನಮ್ಮ ದೇಶದಲ್ಲಿ ದಶಕಗಳ ಕಾಲ ನಡೆದುಬಂದದ್ದು ಮಾರ್ಪಡಿಸಿದ ಪೆಟ್ರಾಫ್ ವಿಧಾನ. ಕಫದ ಎರಡು ಪಟ್ಟು ಶೇ 4ರ ಸೋಡಾ ಹಾಕಿ, ಅಲ್ಲಾಡಿಸಿ, 15 ನಿಮಿಷ ಬಿಟ್ಟು, 3,000 ಜಿಯಲ್ಲಿ 15 ನಿಮಿಷ ತಿರುಗಿಸಿ, ಮೇಲಿನದನ್ನು ಚೆಲ್ಲಿ, ಸುಮಾರು 20 ಮಿಲಿಲೀಟರ್ ಸ್ಟೆರೈಲ್ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಮತ್ತೆ ತಿರುಗಿಸಿ, ಪೆಲೆಟ್ ಅನ್ನು ಎರಡು ಎಲ್‌ಜೆ ಇಳಿಜಾರಿಗೆ ಹಾಕುವುದು. ನ್ಯಾಲ್ಕ್ ಬೇಡ, ಸಿಟ್ರೇಟ್ ಬೇಡ, ಖರ್ಚು ಕಡಿಮೆ. ಆದರೆ ಸೋಡಾ ಇಲ್ಲಿ ಹೆಚ್ಚು ಗಟ್ಟಿ, ಕ್ಷಯದ ಬ್ಯಾಕ್ಟೀರಿಯಾ ಸಾಯುವುದೂ ಹೆಚ್ಚು. ತೊಳೆಯುವ ಹಂತ ಬಿಟ್ಟರೆ ಕ್ಷಾರ ಇಳಿಜಾರಿಗೆ ಹೋಗಿ ಬೆಳವಣಿಗೆ ನಿಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸುವ ಅವಕಾಶವಿದ್ದರೆ ನನ್ನ ಆಯ್ಕೆ ನ್ಯಾಲ್ಕ್.

ಉಳಿದ ವಿಧಾನಗಳು

ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಕಫದಲ್ಲಿ ಸೂಡೊಮೊನಾಸ್ ತುಂಬಿಕೊಂಡಿರುತ್ತದೆ, ಅದು ಸೋಡಾಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಅಂಥಲ್ಲಿ ಶೇ 5ರ ಆಕ್ಸಾಲಿಕ್ ಆಮ್ಲ ಉಪಯೋಗಕ್ಕೆ ಬರುತ್ತದೆ. ಮೂತ್ರದಂಥ ಸ್ಯಾಂಪಲ್‌ಗೆ ಶೇ 4ರ ಗಂಧಕಾಮ್ಲ ಬಳಸುವುದುಂಟು.

ದೂರದಿಂದ, ಫ್ರಿಜ್ ಇಲ್ಲದೆ ಕಫ ಬರಬೇಕಾದಲ್ಲಿ ಸೀಟೈಲ್ ಪಿರಿಡಿನಿಯಂ ಕ್ಲೋರೈಡ್, ಅಂದರೆ ಸಿಪಿಸಿ, ಒಳ್ಳೆಯ ಗೆಳೆಯ. ಶೇ 1ರ ಸಿಪಿಸಿ, ಶೇ 2ರ ಉಪ್ಪು ಬೆರೆತ ದ್ರಾವಣವನ್ನು ಕಫಕ್ಕೆ ಸಮಪ್ರಮಾಣದಲ್ಲಿ ಹಾಕಿ ಕಳಿಸಿದರೆ ಡಿಕಂಟಾಮಿನೇಷನ್ ದಾರಿಯಲ್ಲೇ ನಡೆಯುತ್ತದೆ. ಎರಡು ಎಚ್ಚರ: ಇದನ್ನು ಫ್ರಿಜ್‌ನಲ್ಲಿಟ್ಟರೆ ಹರಳುಗಟ್ಟಿ ಕೆಲಸ ಕೆಡುತ್ತದೆ. ಇದು ಎಂಜಿಐಟಿಗೆ ಹೊಂದುವುದಿಲ್ಲ, ಉಳಿದ ಸಿಪಿಸಿ ಅಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನೂ ಬೆಳೆಯಗೊಡುವುದಿಲ್ಲ. ಮೊಟ್ಟೆಯಿಂದ ಮಾಡಿದ ಎಲ್‌ಜೆಯಲ್ಲಾದರೆ ಮೊಟ್ಟೆಯ ಫಾಸ್ಫೋಲಿಪಿಡ್ ಅದನ್ನು ತಟಸ್ಥಗೊಳಿಸುತ್ತದೆ.

ಫಲಿತಾಂಶ ಸರಿಯಾಗಿದೆಯೇ ಎಂದು ಹೇಗೆ ತಿಳಿಯುವುದು

ಪ್ರತಿ ತಿಂಗಳು ಕಂಟಾಮಿನೇಷನ್ ಪ್ರಮಾಣ ಲೆಕ್ಕ ಹಾಕಿ. ಎಲ್‌ಜೆಯಲ್ಲಿ ಶೇ 3ರಿಂದ 5, ಎಂಜಿಐಟಿಯಲ್ಲಿ ಶೇ 5ರಿಂದ 8 ಇದ್ದರೆ ಸರಿ. ಉದಾಹರಣೆಗೆ, ಒಂದು ತಿಂಗಳು 200 ಎಂಜಿಐಟಿ ಟ್ಯೂಬ್ ಹಾಕಿ 14 ಕೆಟ್ಟರೆ ಶೇ 7, ಚಿಂತೆಯಿಲ್ಲ.

ಹೆಚ್ಚಾದರೆ ಎಲ್ಲರೂ ಗಾಬರಿಯಾಗುತ್ತಾರೆ. ಕಡಿಮೆಯಾದಾಗ ಖುಷಿಪಡುತ್ತಾರೆ, ಅದು ತಪ್ಪು. ತಿಂಗಳುಗಟ್ಟಲೆ ಶೇ 1 ಬರುತ್ತಿದೆ ಎಂದರೆ ಸೋಡಾ ಅಗತ್ಯಕ್ಕಿಂತ ಗಟ್ಟಿಯಾಗಿದೆ ಅಥವಾ ಹೆಚ್ಚು ಹೊತ್ತು ಬಿಡುತ್ತಿದ್ದೀರಿ, ಕ್ಷಯದ ಬ್ಯಾಕ್ಟೀರಿಯಾವೂ ಸಾಯುತ್ತಿದೆ ಎಂದೇ ಅನುಮಾನಿಸಬೇಕು. ಖಚಿತಪಡಿಸಿಕೊಳ್ಳಲು ಇನ್ನೊಂದು ಅಂಕಿ ನೋಡಿ: ಇನ್ನೂ ಔಷಧ ಶುರುಮಾಡದ ರೋಗಿಗಳಲ್ಲಿ ಸ್ಮಿಯರ್ ಪಾಸಿಟಿವ್ ಬಂದೂ ಕಲ್ಚರ್ ನೆಗೆಟಿವ್ ಆದವರು ಎಷ್ಟು? ಹೀಗಾಗುವುದು ಅಪರೂಪವಾಗಿರಬೇಕು. ಔಷಧ ತೆಗೆದುಕೊಳ್ಳುತ್ತಿರುವವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅವರ ಕಫದಲ್ಲಿ ಸತ್ತ ಬ್ಯಾಕ್ಟೀರಿಯಾ ಕಾಣುವುದು ಸಹಜ.

ಕಂಟಾಮಿನೇಷನ್ ಹೆಚ್ಚಿದ್ದರೆ ಹುಡುಕಬೇಕಾದ ಕ್ರಮ ಹೀಗೆ: ಮೊದಲು ಸ್ಯಾಂಪಲ್ ಎಷ್ಟು ದಿನಕ್ಕೆ ಬಂತು, ಯಾವ ಕೇಂದ್ರದಿಂದ ಬಂದವು ಹೆಚ್ಚು ಕೆಡುತ್ತಿವೆ. ಆಮೇಲೆ ಬಫರ್, ನೀರು, ಮೀಡಿಯಾ ಸ್ಟೆರೈಲ್ ಇವೆಯೇ. ಆಮೇಲೆ ನ್ಯಾಲ್ಕ್ ಹಳೆಯದೇ, ಪಾಂಟಾ ಸರಿಯಾಗಿ ಹಾಕಿದ್ದೇ. ಇವೆಲ್ಲ ಸರಿಯಿದ್ದರೆ ಮಾತ್ರ, ಎಲ್ಲಕ್ಕಿಂತ ಕೊನೆಗೆ, ಸೋಡಾದ ಸಾಂದ್ರತೆಯನ್ನು ಒಂದು ಮೆಟ್ಟಿಲು ಏರಿಸುವ ಯೋಚನೆ.

ಪ್ರತಿ ಬ್ಯಾಚ್‌ನಲ್ಲೂ ಸ್ಟೆರೈಲ್ ಬಫರ್ ಮಾತ್ರ ಇರುವ ಒಂದು ನೆಗೆಟಿವ್ ಕಂಟ್ರೋಲ್ ಟ್ಯೂಬ್ ಎಲ್ಲ ಹಂತಗಳನ್ನೂ ದಾಟಿ ಬರಲಿ. ಎಚ್37ಆರ್‌ಎ ಎಂಬ, ರೋಗ ತರದ ಕ್ಷಯದ ತಳಿಯ ಪಾಸಿಟಿವ್ ಕಂಟ್ರೋಲ್ ಬಳಸುವುದಾದರೆ ಅದನ್ನು ಕಟ್ಟಕಡೆಗೆ ಮುಟ್ಟಿ. ಒಂದೇ ದಿನದ ಬ್ಯಾಚ್‌ನಲ್ಲಿ ಜೋರು ಪಾಸಿಟಿವ್ ಒಂದರ ಹಿಂದೆಯೇ ಸ್ಮಿಯರ್ ನೆಗೆಟಿವ್ ಆಗಿದ್ದ ಎರಡು ಮೂರು ಟ್ಯೂಬ್‌ಗಳು ತಡವಾಗಿ, ಒಂದೆರಡು ಕಾಲನಿಯಷ್ಟೇ ಬೆಳೆದು ಪಾಸಿಟಿವ್ ಆದರೆ ಅದು ಪಕ್ಕದ ಟ್ಯೂಬಿನಿಂದ ಬಂದದ್ದಿರಬಹುದು. ರಿಪೋರ್ಟ್ ಕಳಿಸುವ ಮೊದಲು ವೈದ್ಯರಿಗೆ ಫೋನ್ ಮಾಡಿ ರೋಗಿಯ ಲಕ್ಷಣ, ಎಕ್ಸ್-ರೇ ವಿಚಾರಿಸಿ. ಇಲ್ಲದ ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಿಸುವುದು ಸಣ್ಣ ತಪ್ಪಲ್ಲ.

ಚೆಲ್ಲಿದರೆ, ಒಡೆದರೆ

ಕ್ಷಯದ ಬ್ಯಾಕ್ಟೀರಿಯಾದ ಮೇಲೆ ಎಲ್ಲ ಸೋಂಕುನಿವಾರಕಗಳೂ ಕೆಲಸ ಮಾಡುವುದಿಲ್ಲ. ನೆಲ ಒರೆಸಲು ಬಳಸುವ ಕ್ವಾಟರ್ನರಿ ಅಮೋನಿಯಂ ಜಾತಿಯ ದ್ರಾವಣಗಳನ್ನು ನಂಬಬೇಡಿ. ಮೇಲೆ ಹೇಳಿದ ಸಿಪಿಸಿ ಅದೇ ಜಾತಿಯದು, ಅದರಲ್ಲಿ ಕ್ಷಯದ ಬ್ಯಾಕ್ಟೀರಿಯಾ ದಿನಗಟ್ಟಲೆ ಬದುಕಿ ಪ್ರಯಾಣ ಮಾಡುತ್ತದೆ. ಶೇ 5ರ ಫಿನಾಲ್, ಅಂದಂದೇ ತಯಾರಿಸಿದ ಹೈಪೊಕ್ಲೋರೈಟ್, ಶೇ 70ರ ಆಲ್ಕೊಹಾಲ್ ಇವು ಬೇಕು. ಹೈಪೊಕ್ಲೋರೈಟ್ ಸ್ಟೀಲನ್ನು ತಿನ್ನುವುದರಿಂದ ಕ್ಯಾಬಿನೆಟ್ ಒಳಗೆ ಹಚ್ಚಿದ ಮೇಲೆ ಆಲ್ಕೊಹಾಲ್‌ನಲ್ಲಿ ಒರೆಸಿ.

ಕ್ಯಾಬಿನೆಟ್ ಒಳಗೆ ಚೆಲ್ಲಿದರೆ ಕ್ಯಾಬಿನೆಟ್ ಆಫ್ ಮಾಡಬೇಡಿ. ಬಟ್ಟೆ ಮುಚ್ಚಿ, ಅಂಚಿನಿಂದ ನಡುವಿನ ಕಡೆಗೆ ಫಿನಾಲ್ ಸುರಿದು ಅರ್ಧ ಗಂಟೆ ಬಿಟ್ಟು ಒರೆಸಿ. ಹೊರಗೆ ಕೋಣೆಯಲ್ಲಿ ಟ್ಯೂಬ್ ಒಡೆದರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ, ಬಾಗಿಲು ಮುಚ್ಚಿ, ಕನಿಷ್ಠ ಒಂದು ಗಂಟೆ ಯಾರೂ ಒಳಗೆ ಹೋಗಬೇಡಿ. ಗಾಳಿಯಲ್ಲಿ ತೇಲುವ ಕಣಗಳು ಹೊರಹೋಗಲು ಸಮಯ ಬೇಕು, ಧೈರ್ಯ ತೋರಿಸುವ ಜಾಗ ಅದಲ್ಲ. ಸೆಂಟ್ರಿಫ್ಯೂಜ್ ಒಳಗೆ ಒಡೆದ ಸದ್ದು ಕೇಳಿದರೆ ಸ್ವಿಚ್ ಆರಿಸಿ, ಮುಚ್ಚಳ ತೆರೆಯದೆ ಅರ್ಧ ಗಂಟೆ ಬಿಡಿ. ಬಳಸಿದ ಟ್ಯೂಬ್, ಗಾಜ್, ಕೈಗವಸು ಎಲ್ಲ 121 ಡಿಗ್ರಿಯಲ್ಲಿ ಆಟೊಕ್ಲೇವ್ ಆದ ಮೇಲೆಯೇ ಹೊರಗೆ. ಹೈಪೊಕ್ಲೋರೈಟ್ ಇರುವ ಡಬ್ಬವನ್ನು ಮಾತ್ರ ಆಟೊಕ್ಲೇವ್‌ಗೆ ಇಡಬೇಡಿ, ವಿಷಗಾಳಿ ಬರುತ್ತದೆ.

ಎಂಜಿಐಟಿ ಪಾಸಿಟಿವ್ ಎಂದು ಯಂತ್ರ ಹೇಳಿದ ದಿನ ಕ್ಷಯದ ಬ್ಯಾಕ್ಟೀರಿಯಾ ಕೆಂಪಾಗಿ ಕಾಣುವ ಜೀಲ್-ನೀಲ್ಸನ್ ಬಣ್ಣದ ಸ್ಮಿಯರ್ ಮಾಡಿ, ಒಂದು ಹನಿಯನ್ನು ಬ್ಲಡ್ ಅಗರ್‌ಗೂ ಹಾಕಿ. ಬ್ಲಡ್ ಅಗರ್‌ನಲ್ಲಿ ಬೇರೇನೋ ಬೆಳೆದು, ಸ್ಮಿಯರ್‌ನಲ್ಲಿ ಕೆಂಪು ಕಡ್ಡಿಗಳೂ ಕಂಡರೆ ಟ್ಯೂಬನ್ನು ಬಿಸಾಡಬೇಡಿ. ಅದರಲ್ಲಿರುವುದನ್ನೇ ಮತ್ತೊಮ್ಮೆ ಡಿಕಂಟಾಮಿನೇಷನ್ ಮಾಡಿ ಹೊಸ ಟ್ಯೂಬಿಗೆ ಹಾಕಿ. ಕೆಂಪು ಕಡ್ಡಿ ಕಾಣದಿದ್ದರೆ ಫ್ರಿಜ್‌ನಲ್ಲಿಟ್ಟ ಪೆಲೆಟ್ ತೆಗೆದು ಮತ್ತೆ ಪ್ರಯತ್ನಿಸಿ. ಅದೂ ಕೆಟ್ಟರೆ ರಿಪೋರ್ಟಿನಲ್ಲಿ ನೆಗೆಟಿವ್ ಎಂದು ಬರೆಯದೆ ಕಂಟಾಮಿನೇಟೆಡ್ ಎಂದೇ ಬರೆದು, ಅದೇ ದಿನ ಕೇಂದ್ರಕ್ಕೆ ಫೋನ್ ಮಾಡಿ ಹೊಸ ಕಫ ತರಿಸಿ.